ನಾಲ್ಕು ದಿನ, ಆರು ಗುಡ್ಡ

ಸಬಾ ಆರು ಹಾಳೆಗಳನ್ನು ಅಂಟಿಸಿ ಒಂದು ಮಾಡಿದ ನಕಾಶೆಯನ್ನು ಚಾಪೆಯ ಮೇಲೆ ಹಾಸಿ, ಮೂಲೆ ಮಡಚದಂತೆ ನಾಲ್ಕು ಲೋಟ ಇಟ್ಟಳು. ಶಹಾಪುರದ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಬಣ್ಣದ ಚಿತ್ರ ಅದು. ಆಕಾಶದಿಂದ ನೋಡಿದರೆ ಶಹಾಪುರದಿಂದ ಸುರಪುರದವರೆಗಿನ ಗುಡ್ಡಗಳು ಹೀಗೆ ಕಾಣುತ್ತವಂತೆ. ಬುದ್ಧಿ ಬಂದಾಗಿನಿಂದ ಅವೇ ಗುಡ್ಡಗಳಲ್ಲಿ ಆಡು ಕಾಯುತ್ತ ಬಂದ ಅಂಬ್ರಪ್ಪನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಬಂಡೆಗಳ ನಡುವೆ ಕಪ್ಪು ಚುಕ್ಕಿಗಳು ಕಂಡವು. ಅವು ನೀರು ನಿಲ್ಲುವ ದೊಣೆಗಳು ಅಂತ ಹೊಳೆದ ಮೇಲೆ ಒಂದೊಂದೇ ಗುಡ್ಡ ಗುರುತು ಹತ್ತಿತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಇನ್ನೂ ನುಣ್ಣಗೆ. ಅಲ್ಲಿ ಮುಳ್ಳಿಲ್ಲ, ಜಾರುಬಂಡೆಯಿಲ್ಲ, ಸತ್ತವರೂ ಇಲ್ಲ.

"ಮೊದಲನೇ ದಿನ ಆನಿಗುಂಡು," ಅಂದ ಅಂಬ್ರಪ್ಪ. "ಮಲಗಿದ ಬುದ್ಧನ ಗುಡ್ಡದ ಹಿಂದಿಂದ ಏರೂಣು. ದಾರಿ ಅಂತ ಏನೂ ಇಲ್ರಿ, ಆಡು ತುಳದ ಜಾಡು ಅಷ್ಟೇ. ಸಂಜೀಕ ಅಲ್ಲೇ ದೊಣಿ ಮಗ್ಗಲಕ ವಸ್ತಿ. ಎರಡನೇ ದಿನ ಮೂರಕಲ್ಲು, ಬೂದಿಗುಡ್ಡ. ಮೂರನೇ ದಿನ ಗಾಳಿಗುಡ್ಡ, ಕರಿಗುಡ್ಡ. ನಾಕನೇ ದಿನ ಗೂಬಿಗುಡ್ಡ ದಾಟಿ ಸುರಪುರದ ಕಡಿ ಇಳಿಯೂಣು."

ಸಬಾಳ ತಾಯಿ ಮದೀನಾಬೀ ಗೋಡೆಗೆ ಒರಗಿ, ಊದಿದ ಮೊಣಕಾಲನ್ನು ನೀಡಿಕೊಂಡು ಕೂತಿದ್ದಳು. ಆಕೆಯ ಗಂಡ ಜಲಾಲುದ್ದೀನ ಆಡಿನ ವ್ಯಾಪಾರಿ. ಹೋದ ಮೇ ತಿಂಗಳಲ್ಲಿ, ಬಕ್ರೀದಿಗೆ ಹೋತ ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಗುಡ್ಡ ಹತ್ತಿದವನು ಇಳಿದು ಬರಲಿಲ್ಲ. ಸ್ಕೂಟರು ಗುಡ್ಡದ ಬುಡದ ಬೇವಿನಡಿ ಸಿಕ್ಕಿತು. ಪೊಲೀಸರು ಎರಡು ದಿನ ಹುಡುಕಿದರು, ಓಣಿಯ ಹುಡುಗರು ಮೂರು ದಿನ ಹುಡುಕಿದರು. ಆಮೇಲೆ ಹಬ್ಬ ಬಂತು, ಮಳೆ ಬಂತು, ಜನ ತಮ್ಮ ತಮ್ಮ ಕೆಲಸಕ್ಕೆ ಹತ್ತಿದರು. ಈಗ ಜನವರಿ. ಎಂಟು ತಿಂಗಳಿನಿಂದ ಮದೀನಾಬೀ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಕೈಯಲ್ಲಿ ಬಳೆ ಇದ್ದರೆ ಒಬ್ಬರ ಮಾತು, ತೆಗೆದರೆ ಇನ್ನೊಬ್ಬರ ಮಾತು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದು ಇದ್ದತ್ ಕೂಡಬೇಕು. ಸತ್ತಿದ್ದಾನೆ ಅಂತ ಯಾರೂ ಹೇಳದಿದ್ದರೆ ಯಾವ ದಿನದಿಂದ ಕೂಡುವುದು? ಅದಕ್ಕೇ ಆಕೆ ರಂಜಾನ್ ಬರುವುದರೊಳಗೆ ತಾನೇ ಗುಡ್ಡ ಹತ್ತಿ ಗಂಡನನ್ನು ಹುಡುಕುತ್ತೇನೆ ಅಂತ ಹಟ ಹಿಡಿದಿದ್ದಳು. ಒಂದು ಎಲುಬು ಸಿಕ್ಕರೂ ಸಾಕು, ನಮಾಜ್ ಮಾಡಿಸಿ ಮಣ್ಣು ಕೊಡುತ್ತೇನೆ ಅನ್ನುತ್ತಿದ್ದಳು. ದಾರಿ ತೋರಿಸಲು ಗುಡ್ಡ ಬಲ್ಲವನು ಬೇಕಲ್ಲ. ಗಂಡನ ಇಪ್ಪತ್ತು ವರ್ಷದ ದೋಸ್ತ ಅಂಬ್ರಪ್ಪನಿಗಿಂತ ಗುಡ್ಡ ಬಲ್ಲವರು ಯಾರು?

ಓದುವವರನ್ನು ಕಾಯಿಸಿ ನನಗೇನೂ ಆಗಬೇಕಾಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಜಲಾಲುದ್ದೀನ ಎಲ್ಲಿದ್ದಾನೆ ಅನ್ನುವುದು ಅಂಬ್ರಪ್ಪನಿಗೆ ಗೊತ್ತಿತ್ತು. ಅವನನ್ನು ಹೂತವನೇ ಅಂಬ್ರಪ್ಪ.

ಜಲಾಲುದ್ದೀನ ಕಾಣೆಯಾದ ಹನ್ನೆರಡನೆಯ ದಿನ ಅದು. ತಪ್ಪಿಸಿಕೊಂಡ ಆಡೊಂದನ್ನು ಹುಡುಕಿಕೊಂಡು ಅಂಬ್ರಪ್ಪ ಗಾಳಿಗುಡ್ಡ ಮತ್ತು ಕರಿಗುಡ್ಡದ ನಡುವಿನ ಹದ್ದಿನಕೊಳ್ಳಕ್ಕೆ ಇಳಿದಿದ್ದ. ಅಂಗಿ ನೋಡಿ ಗುರುತು ಹಿಡಿದ. ಮುಖ ನೋಡಿ ಹಿಡಿಯುವಂತಿರಲಿಲ್ಲ. ಬಂಡೆಯಿಂದ ಜಾರಿದನೋ, ಎದೆ ಹಿಡಿದು ಕೂತಲ್ಲೇ ಹೋದನೋ, ದೇವರೇ ಬಲ್ಲ. ಅಂಬ್ರಪ್ಪ ಬಹಳ ಹೊತ್ತು ಅತ್ತ. ಅತ್ತು ಮುಗಿದ ಮೇಲೆ ಹೆದರಿಕೆ ಬಂತು.

ಹೆದರಿಕೆಗೆ ಕಾರಣವಿತ್ತು. ಜಲಾಲುದ್ದೀನ ಅಂದು ಹೊರಟಿದ್ದೇ ಅಂಬ್ರಪ್ಪನ ದೊಡ್ಡಿಗೆ. ಪೊಲೀಸರು ಆಗಲೇ ಅವನನ್ನು ಒಂದು ಪೂರ್ತಿ ದಿನ ಕೂಡಿಸಿಕೊಂಡು, ಕೇಳಿದ್ದನ್ನೇ ಕೇಳಿ ಕಳಿಸಿದ್ದರು. ಅವನ ಹೆಂಡತಿ ದೇವಕಮ್ಮನ ತಮ್ಮ ಹಿಂದೊಮ್ಮೆ ಯಾರದೋ ಕುರಿ ಕಳವಿನಲ್ಲಿ ಯಾವುದೋ ಊರಿನ ಠಾಣೆಗೆ ಹೋಗಿ ಬಂದವನು ಇವತ್ತಿಗೂ ನೆಟ್ಟಗೆ ನಡೆಯುವುದಿಲ್ಲ. ಕಳ್ಳ ಆಮೇಲೆ ಬೇರೆ ಕಡೆ ಸಿಕ್ಕ, ಆ ಮಾತು ಬೇರೆ. ಹೆಣ ನನಗೇ ಸಿಕ್ಕಿತು ಅಂದರೆ ನನ್ನನ್ನು ಯಾರು ಬಿಟ್ಟಾರು ಅಂತ ಅಂಬ್ರಪ್ಪನಿಗೆ ಅನ್ನಿಸಿತು. ಹಾಗಂತ ನರಿ ಎಳೆದಾಡಲಿ ಅಂತ ಬಿಟ್ಟು ಬರಲೂ ಮನಸ್ಸಾಗಲಿಲ್ಲ.

ಕೊಡಲಿಯ ಹಿಂಬದಿಯಿಂದ, ಕೋಲಿನಿಂದ, ಕೈಯಿಂದ ಮಣ್ಣು ತೋಡಿದ. ಕೊಳ್ಳದಲ್ಲಿ ಮಣ್ಣೆಲ್ಲಿದೆ? ಎರಡು ಬಂಡೆಗಳ ಸಂದಿನಲ್ಲಿ ಗುಂಡನೆಯ ಒಂದು ಕುಣಿ ಆಯಿತು, ಉದ್ದಕ್ಕೆ ಆಗಲಿಲ್ಲ. ತನ್ನ ಕಂಬಳಿಯಲ್ಲಿ ದೋಸ್ತನನ್ನು ಸುತ್ತಿದ. ಜೇಬಿಗೆ ಕೈ ಹಾಕಲಿಲ್ಲ. ವಾಚು, ಮೊಬೈಲು, ಚಪ್ಪಲಿ ಯಾವುದನ್ನೂ ಇಟ್ಟುಕೊಳ್ಳಲಿಲ್ಲ; ಇಟ್ಟುಕೊಂಡರೆ ನಾಳೆ ಅದೇ ಉರುಳಾದೀತು ಅಂತ. ಆಮೇಲೆ ಅವನ ಕೈಗಳು ತಮಗೆ ಗೊತ್ತಿದ್ದ ಕೆಲಸ ಮಾಡಿದವು. ಅಂಬ್ರಪ್ಪನ ಮನೆತನದಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತಾರೆ. ಅಪ್ಪನನ್ನು ಹಾಗೇ ಕೂಡಿಸಿದ್ದ, ಅಣ್ಣನನ್ನು ಹಾಗೇ ಕೂಡಿಸಿದ್ದ. ಜಲಾಲುದ್ದೀನನನ್ನೂ ಹಾಗೇ, ಚಕ್ಕಳಮಕ್ಕಳ ಹಾಕಿಸಿ, ಮೂಡಲ ಕಡೆ ಮುಖ ಮಾಡಿ ಕೂಡಿಸಿದ. ಕಲ್ಲು ಪೇರಿಸಿ ಮುಗಿಸಿ, ಇಳಿದು ಅರ್ಧ ದಾರಿ ಬಂದ ಮೇಲೆ ನೆನಪಾಯಿತು. ಮುಸಲ್ಮಾನರು ಮಲಗಿಸುತ್ತಾರೆ, ಮುಖ ಪಡುವಲಕ್ಕೆ ಹೊರಳಿಸುತ್ತಾರೆ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಿರುಗಿ ಹೋಗಿ ಕಲ್ಲು ತೆಗೆಯುವ ಎದೆ ಇರಲಿಲ್ಲ.

ದೇವಕಮ್ಮನಿಗೊಬ್ಬಳಿಗೇ ಹೇಳಿದ. "ಬಾಯಿ ಬಿಟ್ಟೀಯಂದ್ರ ಮನಿ ಮಂದಿ ಎಲ್ಲಾ ಹಾಳ ಬಾವಿ ನೋಡಬೇಕಾಗ್ತದ," ಅಂದಳು ಆಕೆ. ಇಂದು ಹೇಳಲಿಲ್ಲ, ನಾಳೆ ಹೇಳಲಿಲ್ಲ. ಸುಳ್ಳು ಹಳತಾದಷ್ಟೂ ಗಟ್ಟಿಯಾಗುತ್ತದೆ, ಒಣಗಿದ ರೊಜ್ಜು ಮಣ್ಣಿನ ಹಾಗೆ. ಮದೀನಾಬೀ ಹೇಳಿಕಳಿಸಿದಾಗಲೆಲ್ಲ ಹೋದ, ಕೊಟ್ಟ ಚಹಾ ಕುಡಿದ, ಎಲ್ಲಿ ಹುಡುಕಬಹುದು ಅಂತ ಆಕೆ ಕೇಳಿದರೆ ಉತ್ತರ ಕೊಟ್ಟ. ಗುಡ್ಡ ಹತ್ತುವ ಯೋಜನೆಗೂ ಹೂಂ ಅಂದ. ತಾನೇ ಮುಂದೆ ನಡೆದರೆ ಆ ಕೊಳ್ಳವೊಂದನ್ನು ತಪ್ಪಿಸಿ ನಡೆಸಬಹುದು ಅನ್ನುವ ಲೆಕ್ಕ ಅವನದು. ಇಂಥ ಲೆಕ್ಕ ಹಾಕುವವನನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅವನು ತನ್ನನ್ನು ತಾನು ಕರೆದುಕೊಳ್ಳುತ್ತಿದ್ದ ಹೆಸರುಗಳು ಇಲ್ಲಿ ಬರೆಯುವಂಥವಲ್ಲ.

ಸಬಾ ಅವನು ಹೇಳಿದಂತೆ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಬಿ.ಎಸ್ಸಿ. ಓದುವ ಹುಡುಗಿ, ಚೂಟಿ. ಗೆರೆ ಗಾಳಿಗುಡ್ಡದಿಂದ ದೊಡ್ಡ ಸುತ್ತು ಹಾಕಿ ಕರಿಗುಡ್ಡಕ್ಕೆ ಹೋಯಿತು. ಆಕೆ ಪೆನ್ಸಿಲ್ಲು ನಿಲ್ಲಿಸಿದಳು.

"ಕಾಕಾ, ಇಲ್ಲಿ ಯಾಕ ಬಿಟ್ರಿ? ನೆಟ್ಟಗ ಹೋದ್ರ ಒಂದ ತಾಸಿನ ಹಾದಿ ಕಾಣ್ತದ. ಸುತ್ತ ಹಾಕಿದ್ರ ಅರ್ಧ ದಿನ."

"ಅದು ಹದ್ದಿನಕೊಳ್ಳವ್ವ. ಅಲ್ಲಿ ಕರಡಿ ಮರಿ ಹಾಕ್ಯಾದ. ಯಾರೂ ಹೋಗಂಗಿಲ್ಲ."

ಸುಳ್ಳು ಸಲೀಸಾಗಿ ಬಂತು. ಎಂಟು ತಿಂಗಳಿನ ಸಾಧನೆ ಅಂದರೆ ಸುಮ್ಮನೆಯೇ? ಆದರೆ ಗೋಡೆಗೆ ಒರಗಿದ್ದ ಮದೀನಾಬೀ ನೆಟ್ಟಗೆ ಕೂತಳು.

"ಯಾರೂ ಹೋಗಂಗಿಲ್ಲ ಅಂದ್ರ ಪೊಲೀಸರೂ ಹೋಗಿಲ್ಲ?"

"ಇಲ್ರಿ ಭಾಬಿ."

"ನಮ್ಮ ಓಣಿ ಹುಡುಗ್ರೂ ಹೋಗಿಲ್ಲ?"

"ಇಲ್ಲ."

"ಹಂಗಾರ ಅವ್ರು ಅಲ್ಲೇ ಇರಬೇಕು ಅಣ್ಣಾ. ಎಲ್ಲಾ ಕಡಿ ಹುಡುಕಿದ್ರು, ಸಿಗಲಿಲ್ಲ. ಯಾರೂ ಹೋಗಲಾರದ್ದು ಅದೊಂದ ಉಳದದ. ಮೊದಲ ಅಲ್ಲಿ ಹೋಗೂಣು. ಕರಡಿ ಇದ್ರ ಇರವಲ್ದ್ಯಾಕ, ನಾ ಏನ ಉಳದೀನಿ ಅಂತ ತಿಂತದ?"

ಅಂಬ್ರಪ್ಪನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಮುಚ್ಚಿಡಲು ಹೇಳಿದ ಮಾತೇ ಆಕೆಯನ್ನು ಕೈ ಹಿಡಿದು ಅಲ್ಲಿಗೆ ನಡೆಸಿತ್ತು. ಬರುವ ಶುಕ್ರವಾರ ಬೆಳಿಗ್ಗೆ ಹೊರಡುವುದು ಅಂತ ತಾಯಿ ಮಗಳು ದಿನ ಗೊತ್ತು ಮಾಡಿದರು. ನಡುವೆ ಮೂರು ದಿನ ಇತ್ತು.

ಮನೆಗೆ ಬಂದು ದೇವಕಮ್ಮನಿಗೆ ಹೇಳಿದ, "ಇನ್ನ ನನ್ನ ಕೈಲಿ ಆಗಂಗಿಲ್ಲ. ಹೇಳಿಬಿಡ್ತೀನಿ."

"ಹಬ್ಬಕ್ಕ ಆಕಿ ನೀಡಿದ ಸುರಕುಂಬಾ ಕುಡದ ಬಾಯಿ ಇದು," ಅಂದಳು ದೇವಕಮ್ಮ. "ಹೇಳು. ಆದದ್ದಾಗ್ಲಿ."

ಹೇಳುವ ಮುಂಚೆ ಒಂದು ಸಲ ನೋಡಿಬರೋಣ ಅನ್ನಿಸಿತು ಅಂಬ್ರಪ್ಪನಿಗೆ. ಕಲ್ಲು ತೆಗೆದು, ಈಗಲಾದರೂ ದೋಸ್ತನನ್ನು ಸರಿಯಾಗಿ ಮಲಗಿಸಿ, ಮುಖ ಪಡುವಲಕ್ಕೆ ಮಾಡಿ, ಆಮೇಲೆ ಹೇಳಿದರೆ ಮದೀನಾಬೀಗೆ ಅಷ್ಟಾದರೂ ನೋವು ಕಡಿಮೆ. ಮರುದಿನ ನಸುಕಿನಲ್ಲೇ ಹಾರೆ ಹೆಗಲಿಗೇರಿಸಿ, ತನ್ನ ದೊಡ್ಡಿಯ ಕಡೆಯ ಹತ್ತಿರದ ಜಾಡಿನಿಂದ ಒಬ್ಬನೇ ಹತ್ತಿದ. ಹುಲ್ಲು ಎದೆಮಟ್ಟ ಒಣಗಿ ನಿಂತಿತ್ತು. ಕಾರೆ ಮುಳ್ಳು, ಜಾಲಿ, ಸೀತಾಫಲದ ಪೊದೆ ದಾಟಿ ಹದ್ದಿನಕೊಳ್ಳಕ್ಕೆ ಇಳಿದಾಗ ಹೊತ್ತು ನೆತ್ತಿಗೆ ಬಂದಿತ್ತು.

ಕೊಳ್ಳ ಅವನಿಗೆ ಗುರುತೇ ಸಿಗಲಿಲ್ಲ.

ಸೆಪ್ಟೆಂಬರಿನಲ್ಲಿ ಬಿಡದೆ ಮಳೆ ಸುರಿದಿತ್ತು. ದೊಡ್ಡಿಯೊಳಗೆ ಮೊಣಕಾಲುದ್ದ ನೀರು ನಿಂತು ಹನ್ನೊಂದು ಮರಿ ಸತ್ತಾಗ, ಗುಡ್ಡದ ಮೇಲಿನ ನೀರು ಎಲ್ಲಿ ಹೋಗುತ್ತಿದೆ ಅಂತ ಅವನು ಯೋಚಿಸಿರಲಿಲ್ಲ. ಅದು ಇಲ್ಲಿ ಬಂದಿತ್ತು. ಎರಡು ಗುಡ್ಡಗಳ ನೀರು ಒಂದೇ ಕೊಳ್ಳಕ್ಕೆ ನುಗ್ಗಿ ಮಣ್ಣೆಲ್ಲ ಬಳಿದು ಒಯ್ದಿತ್ತು. ಆ ಎರಡು ಬಂಡೆಗಳಲ್ಲಿ ಒಂದು ಇತ್ತು, ಇನ್ನೊಂದು ಉರುಳಿ ಎಲ್ಲಿಗೋ ಹೋಗಿತ್ತು. ಅವುಗಳ ಸಂದು ಇದ್ದ ಜಾಗದಲ್ಲಿ ತೊಳೆದಿಟ್ಟಂಥ ಬಿಳಿ ಕಲ್ಲು, ಉಸುಕು. ತಾನು ಪೇರಿಸಿದ ಕಲ್ಲು ಯಾವುದು, ನೀರು ತಂದ ಕಲ್ಲು ಯಾವುದು? ಕಲ್ಲಿಗೆ ಗುರುತು ಇರುತ್ತದೆಯೇ!

ಹಾರೆ ಹಾಕಿ ಅಗೆದ. ಒಂದು ಮೊಳಕ್ಕೆ ಬಂಡೆ ಹತ್ತಿತು. ಪಕ್ಕದಲ್ಲಿ ಅಗೆದ, ಅಲ್ಲೂ ಬಂಡೆ. ಕೊಳ್ಳದ ಗುಂಟ ಕೆಳಗೆ ಇಳಿಯುತ್ತ ಹೋದ. ಪ್ರತಿ ಪೊದೆಯ ಬುಡ ನೋಡಿದ, ಕಸ ಸಿಕ್ಕಿಕೊಂಡ ಪ್ರತಿ ಬೇರನ್ನು ಬಿಡಿಸಿ ನೋಡಿದ. ಕಂಬಳಿಯ ಒಂದು ಎಳೆ ಸಿಗಲಿಲ್ಲ, ಗುಂಡಿ ಸಿಗಲಿಲ್ಲ, ಎಲುಬು ಸಿಗಲಿಲ್ಲ. ಕೊಳ್ಳ ಬಯಲಿಗೆ ಬೀಳುವಲ್ಲಿ ನೀರು ನೂರು ಕಡೆ ಹರಿದು ಹೋದ ಗುರುತಿತ್ತು. ಅದರಾಚೆ ಗದ್ದೆ, ಗದ್ದೆಯಾಚೆ ಹಳ್ಳ, ಹಳ್ಳದಾಚೆ ಹೊಳೆ. ಅಂಬ್ರಪ್ಪ ಉಸುಕಿನಲ್ಲಿ ಕುಕ್ಕರಿಸಿ, "ಜಲಾಲಣ್ಣಾ, ನಿನ್ನ ಎರಡ ಸಲ ಕಳಕೊಂಡ್ನೋ," ಅಂತ ಬಾಯಿಬಿಟ್ಟು ಅತ್ತ. ಕೇಳುವವರು ಯಾರೂ ಇರಲಿಲ್ಲ. ಕರಡಿಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಶಹಾಪುರಕ್ಕೆ ಹೋದಾಗ ಮದೀನಾಬೀಯ ಮನೆಯಲ್ಲಿ ಪ್ರಯಾಣದ ಕಟ್ಟುಗಳು ಬಾಗಿಲ ಬಳಿ ಸಾಲಾಗಿದ್ದವು. ನೀರಿನ ಕ್ಯಾನು, ಹಗ್ಗ, ಬ್ಯಾಟರಿ, ಮೊಣಕಾಲಿಗೆ ಸುತ್ತುವ ಪಟ್ಟಿ. ಒಂದು ಕಟ್ಟಿನಲ್ಲಿ ಹೊಸ ಬಿಳಿ ಬಟ್ಟೆ, ಅತ್ತರಿನ ಸೀಸೆ, ಕರ್ಪೂರ. ಅದನ್ನು ನೋಡಿದ ಮೇಲೆ ಅಂಬ್ರಪ್ಪನಿಗೆ ಕೂಡಲು ಆಗಲಿಲ್ಲ. ಬಾಗಿಲಲ್ಲಿ ನಿಂತುಕೊಂಡೇ ಹೇಳಿದ. ಎಲ್ಲವನ್ನೂ, ಒಂದೂ ಬಿಡದೆ. ಹನ್ನೆರಡನೆಯ ದಿನ, ಅಂಗಿ, ಹೆದರಿಕೆ, ಕಂಬಳಿ, ಕುಣಿ, ಕೂಡಿಸಿದ್ದು, ಮಳೆ ಒಯ್ದದ್ದು. ಬೈಯಲಿ, ಚಪ್ಪಲಿ ತೆಗೆದುಕೊಂಡು ಹೊಡೆಯಲಿ, ಪೊಲೀಸರನ್ನು ಕರೆಯಲಿ. ಯಾವುದಕ್ಕೂ ತಯಾರಾಗಿ ತಲೆ ತಗ್ಗಿಸಿ ನಿಂತ.

ಮದೀನಾಬೀ ಬೈಯಲಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅದು ಅವನು ನಿರೀಕ್ಷಿಸಿದ ಅಳುವಲ್ಲ.

"ಸಾಕು ಅಣ್ಣಾ," ಅಂದಳು ಮೆತ್ತಗೆ. "ನನ್ನ ಮೊಣಕಾಲ ನೋಡಿ ನಿಮಗ ಕನಿಕರ ಬಂದದ. ಗುಡ್ಡದಾಗ ಬಿದ್ದು ಸತ್ತಾಳು ಅಂತ ಅಂಜೀರಿ. ಅದಕ್ಕ ಈ ಕತಿ ಕಟಗೊಂಡು ಬಂದೀರಿ."

"ಕತಿ ಅಲ್ರಿ ಭಾಬಿ, ಖರೇ..."

"ನಮ್ಮ ಮಾವ ತೀರಿಕೊಂಡಾಗ ನೀವು ಜನಾಜಾಕ್ಕ ಹೆಗಲ ಕೊಟ್ರಿ. ಖಬರಸ್ತಾನಕ್ಕ ಬಂದು ಮೂರು ಹಿಡಿ ಮಣ್ಣ ಹಾಕಿದ್ರಿ. ಹೆಂಗ ಮಲಗಿಸ್ತಾರ, ಮುಖ ಯಾ ಕಡಿ ಮಾಡ್ತಾರ, ಎಲ್ಲಾ ನಿಂತು ನೋಡೀರಿ. ಅಂಥಾವ್ರು ನೀವು ಅವ್ರನ್ನ ಕೂಡಸ್ತೀರಿ? ಕರೇ ಕಂಬಳ್ಯಾಗ ಸುತ್ತಿ ಕೂಡಸ್ತೀರಿ? ಬ್ಯಾರೆ ಯಾರರೆ ಈ ಮಾತ ಹೇಳಿದ್ರ ನಂಬತಿದ್ದೆ. ನೀವು ಮಾಡೀರಿ ಅಂದ್ರ ನಾ ಸತ್ರೂ ನಂಬಂಗಿಲ್ಲ."

"ನನ್ನ ಮಕ್ಕಳ ಆಣಿರಿ ಭಾಬಿ!"

ಮದೀನಾಬೀ ಕೈ ಅಡ್ಡ ಹಿಡಿದಳು. "ಹುಚ್ಚರಂಗ ಮಾಡಬ್ಯಾಡ್ರಿ. ನನ್ನ ಸಲುವಾಗಿ ಮಕ್ಕಳ ಮ್ಯಾಲ ಸುಳ್ಳ ಆಣಿ ಇಡ್ತಾರೇನು? ತೋಬಾ. ಕುಂದರ್ರಿ, ನೀರ ಕುಡೀರಿ."

ಎಂಟು ತಿಂಗಳು ಅಂಬ್ರಪ್ಪ ಹೇಳಿದ ಒಂದೊಂದು ಸುಳ್ಳನ್ನೂ ಈ ಹೆಂಗಸು ನಂಬಿದ್ದಳು. ಒಂದೇ ಒಂದು ಸಲ ನಿಜ ಹೇಳಿದರೆ ನಂಬಲಿಲ್ಲ. ನಂಬದಿರಲು ಕಾರಣ ಅವನ ಮೇಲಿನ ನಂಬಿಕೆಯೇ. ಇದಕ್ಕಿಂತ ಆಕೆ ಮುಖಕ್ಕೆ ಉಗಿದಿದ್ದರೆ ಎಷ್ಟೋ ಚಲೋ ಇತ್ತು. ತೋರಿಸೋಣವೆಂದರೆ ತೋರಿಸಲು ಏನೂ ಉಳಿದಿರಲಿಲ್ಲ.

"ಕೊಳ್ಳಕ್ಕ ಹೋಗಿ ಬಂದದ್ದರೆ ಖರೇನೋ, ಅದೂ ಸುಳ್ಳೋ?" ಅಂತ ಕೇಳಿದಳು ಮದೀನಾಬೀ.

"ಖರೇರಿ. ಮೊನ್ನಿ ಇಡೀ ದಿನ ನೋಡೀನಿ. ಏನೂ ಇಲ್ಲ."

"ನೋಡ್ರಿ, ಕರಡಿಗೂ ಅಂಜಲಾರದೇ, ನನಗಿಂತ ಮೊದಲ ಹೋಗಿ ನೋಡಿ ಬಂದೀರಿ. ಅಲ್ಲಾ ನಿಮಗ ಒಳ್ಳೇದ ಮಾಡ್ಲಿ." ಆಕೆ ಮಗಳ ಕಡೆ ತಿರುಗಿದಳು. "ಸಬಾ, ಕೊಳ್ಳ ಬಿಟ್ಟಬಿಡವ್ವ. ಅಲ್ಲಿ ಇಲ್ಲಂತ. ಮೊದಲ ಬರದಂಗ ಆನಿಗುಂಡಿನಿಂದ ಸುರು ಮಾಡೂಣು."

ಸಬಾ ನಕಾಶೆಯ ಮುಂದೆ ಕೂತಿದ್ದಳು. ತಾಯಿ ಹೇಳಿದಂತೆ ರಬ್ಬರು ತೆಗೆದುಕೊಂಡು ಹದ್ದಿನಕೊಳ್ಳದ ಗುರುತನ್ನು ಅಳಿಸಿದಳು. ಬಹಳ ನಿಧಾನವಾಗಿ ಅಳಿಸಿದಳು.

ಅಂಬ್ರಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸಬಾ ಬಾಗಿಲಿಗೆ ಬಂದಳು. ಒಳಗೆ ತಾಯಿಗೆ ಕೇಳಿಸಬಾರದು ಅಂತ ಕದವನ್ನು ಅರ್ಧ ಎಳೆದುಕೊಂಡಳು. ಇಪ್ಪತ್ತು ವರ್ಷದ ಹುಡುಗಿಯ ಮುಖ ಒಂದು ತಾಸಿನಲ್ಲಿ ಅಷ್ಟು ಮುದಿಯಾಗುವುದನ್ನು ಅವನು ಎಂದೂ ನೋಡಿರಲಿಲ್ಲ.

"ಕೂಡಿಸಿದ್ರಲ್ಲ," ಅಂದಳು. "ಅಬ್ಬಾನ ಮುಖ ಯಾ ಕಡಿ ಇತ್ತು?"

"ಮೂಡಲಕ್ಕವ್ವ."

ಸಬಾ ಓಣಿಯ ಆ ತುದಿಯನ್ನು ನೋಡುತ್ತ ನಿಂತಳು. ಅಳಲಿಲ್ಲ.

"ಅಮ್ಮಿಗೆ ಇನ್ನೊಮ್ಮೆ ಹೇಳಬ್ಯಾಡ್ರಿ," ಅಂದಳು. "ಎಲ್ಲೂ ಸಿಗಂಗಿಲ್ಲ ಅಂತ ಆಕೀಗೆ ಗೊತ್ತಾಗೂದು ಬ್ಯಾಡ. ಆಕಿ ಹುಡುಕ್ಲಿ. ಈ ಸಲ ಸಿಗದಿದ್ರ ಮುಂದಿನ ವರ್ಷ ಹುಡುಕ್ಲಿ. ನೀವು ಬರ್ರಿ. ಆಕಿ ಎಲ್ಲಿ ಅಂತಾಳೋ ಅಲ್ಲಿ ನಡೀರಿ. ಪ್ರತಿ ಪೊದಿ ಬಗ್ಗಿ ನೋಡ್ರಿ."

"ಹೂಂ."

"ಮುಂದಿನ ವರ್ಷಾನೂ ಬರ್ರಿ."

"ಬರ್ತೀನಿ."

ಆಕೆ ಕದ ಹಾಕಿದಳು. ಚಿಲಕ ಬಿದ್ದ ಸದ್ದು ಕೇಳಿತು.

ಅಂಬ್ರಪ್ಪ ಬಸ್ಸಿಗೆ ನಿಲ್ಲದೆ ನಡೆದೇ ಹೊರಟ. ಕಾಲುವೆಯ ನೀರು, ಭತ್ತದ ಗದ್ದೆ, ಟ್ರ್ಯಾಕ್ಟರು, ಪರಿಚಯದವರ ನಮಸ್ಕಾರ. ಎಲ್ಲವೂ ಎಂದಿನಂತೆ ಎದುರಿಗೆ ಬಂದು ದಾಟಿ ಹೋದವು. ಗುಡ್ಡಗಳು ಎಡಕ್ಕೆ ಉದ್ದಕ್ಕೂ ಜೊತೆಗೆ ಬಂದವು. ನಾಳೆ ಬೆಳಿಗ್ಗೆಯಿಂದ ಅವುಗಳ ಮೇಲೆ, ಒಂದಾದ ಮೇಲೊಂದು, ಇಲ್ಲದವನನ್ನು ಹುಡುಕುತ್ತ ನಡೆಯಬೇಕು. ಪ್ರತಿ ತುದಿಯ ಮೇಲೂ ಮದೀನಾಬೀ ಗಂಡನ ಹೆಸರು ಹಿಡಿಯದೆ, "ರೀ, ಎಲ್ಲಿದ್ದೀರಿ?" ಅಂತ ಕೂಗುವುದನ್ನು ಕೇಳಿಸಿಕೊಳ್ಳಬೇಕು. ಎಲ್ಲಾ ಮುಗಿದು ಇಳಿದು ಬಂದ ಮೇಲೆ, "ಮುಂದಿನ ಸಲ ಸಿಗ್ತಾರ ಬಿಡ್ರಿ ಭಾಬಿ," ಅಂತ ತಾನೇ ಸಮಾಧಾನ ಹೇಳಬೇಕು. ಠಾಣೆಯ ಲಾಠಿಗೆ ಹೆದರಿ ಮಾಡಿದ ಕೆಲಸ ಇದು. ಲಾಠಿ ಆದರೆ ಒಂದು ದಿನಕ್ಕೋ ಎರಡು ದಿನಕ್ಕೋ ಮುಗಿಯುತ್ತಿತ್ತು.

ಮನೆ ಮುಟ್ಟಿದಾಗ ದೇವಕಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ, ಜೀಪೇನಾದರೂ ಕಾಣುತ್ತಿದೆಯೇ ಅಂತ ದಾರಿಯ ಕಡೆಗೂ ನೋಡಿದಳು. ಯಾರೂ ಇರಲಿಲ್ಲ.

"ಹೇಳ್ದಿ?"

"ಹೇಳ್ದೆ."

"ಏನಂದ್ಳು?"

ಅಂಬ್ರಪ್ಪ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದ.

"ನಾಕ ದಿನಕ್ಕಾಗುವಷ್ಟು ರೊಟ್ಟಿ ಬಡಿ," ಅಂದ.